ಐದನೆಯ ಕಾಲು

ತಮ್ಮನ ಮಗ ಡಿಸೆಂಬರ್ ರಜೆಗೆ ದಾವಣಗೆರೆಯಿಂದ ಬಂದಿದ್ದ. ಒಂಬತ್ತು ವರ್ಷದ ಹುಡುಗ. ಮಂಜು ಕವಿದು ಹೊರಗೆ ಕಾಲಿಡಲಾಗದ ಬೆಳಗುಗಳಲ್ಲಿ ರಜಾಯಿ ಹೊದ್ದು ಕೂತು ನೋಟ್‌ಬುಕ್ಕಿನಲ್ಲಿ ಒಂದು ಲೋಕ ಕಟ್ಟುತ್ತಿದ್ದ. ಎತ್ತ ನೋಡಿದರೂ ಮರಳು, ಆಕಾಶದಲ್ಲಿ ಎರಡು ಸೂರ್ಯ, ನಡುವೆ ಒಂದು ದೈತ್ಯ ದನ. ಅಲ್ಲಿನವರು ಹಾಲು ಕರೆಯುವುದು, ಹೊರೆ ಹೊರಿಸುವುದು, ಯುದ್ಧಕ್ಕೆ ಹೋಗುವುದು ಎಲ್ಲವೂ ಅದರಿಂದಲೇ. ಮೈತುಂಬ ಉಣ್ಣೆ, ಬೆನ್ನ ಮೇಲೆ ನೀರಿನ ಟ್ಯಾಂಕು, ಕಾಲು ಐದು.

"ಐದನೆಯದು ಯಾಕೋ?"

"ಅದು ಸ್ಟ್ಯಾಂಡು ದೊಡ್ಡಪ್ಪ. ನಿಮ್ಮ ಸ್ಕೂಟರಿಗಿಲ್ವಾ? ಇಷ್ಟು ಭಾರ ಇರೋದು ಕೂತಾಗ ಮಗುಚಿಕೊಂಡ್ರೆ?"

ನಾವಿರುವುದು ದೆಹಲಿಯ ವಾಯವ್ಯ ಮೂಲೆಯ ರೋಹಿಣಿಯಲ್ಲಿ. ಕನ್ನಡಿಗನಿಗೆ ರೋಹಿಣಿ ಎಂದರೆ ಮೊದಲು ನೆನಪಾಗುವುದು ಮಳೆ, 'ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ'. ಪುರಾಣ ಓದಿದವರಿಗೆ ಆಕೆ ಸುರಭಿಯ ಮಗಳು, ದನಗಳ ತಾಯಿ. ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) 1980ರ ದಶಕದಲ್ಲಿ ಹೊಲಗಳನ್ನು ಸೆಕ್ಟರುಗಳಾಗಿ ಕತ್ತರಿಸಿ ಕಟ್ಟಿದ ಈ ಉಪನಗರದಲ್ಲಿ ಈಗ ಓಣಿಯೂ ಕಡಿಮೆ, ಜೋಳವಂತೂ ಇಲ್ಲ. ದನದ ವಾಸನೆ ಬೇಕೆಂದರೆ ರಿಠಾಲಾ, ನಾಹರ್‌ಪುರದಂಥ ಹಳೆಯ ಊರುಗಳ ಸಂದಿಗೆ ಹೋಗಬೇಕು. ಆದರೆ ಚಳಿಗಾಲದ ಭಾನುವಾರಗಳಲ್ಲಿ, ಎಲ್ಲರೂ ಜಪಾನೀಸ್ ಪಾರ್ಕ್ ಎನ್ನುವ ಸ್ವರ್ಣ ಜಯಂತಿ ಪಾರ್ಕಿನ ಕಡೆ, ಮಕ್ಕಳನ್ನು ಕೂರಿಸಿ ಸುತ್ತಿಸಲು ಒಂದು ಒಂಟೆ ಬರುತ್ತದೆ. ಮಂಜು ಹರಿದ ದಿನ ಹುಡುಗನನ್ನು ಕರೆದೊಯ್ದೆ. ಇ-ರಿಕ್ಷಾಗಳ ಸಾಲಿನ ಹಿಂದಿನಿಂದ ಮೊದಲು ತಲೆ, ಆಮೇಲೆ ಕುತ್ತಿಗೆ, ಬಹಳ ಹೊತ್ತಿನ ಮೇಲೆ ಉಳಿದದ್ದು ಬಂತು. ಹುಡುಗ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡ.

ಅವನ ಕಲ್ಪನೆಯ ಪ್ರಾಣಿಯನ್ನು ಸಿನಿಮಾದವರು ಮೊದಲೇ ಮಾಡಿಬಿಟ್ಟಿದ್ದಾರೆ. 1977ರ 'ಸ್ಟಾರ್ ವಾರ್ಸ್' ಚಿತ್ರದ ಮರಳು ಗ್ರಹದಲ್ಲಿ ಬಾಂಥಾ ಎಂಬ ಉಣ್ಣೆಯ ದೈತ್ಯ ಬರುತ್ತದೆ. ಅದು ಮಾರ್ಜಿ ಎಂಬ ಏಷ್ಯಾದ ಹೆಣ್ಣಾನೆಗೆ ತೊಡಿಸಿದ ವೇಷ. ಡೆತ್ ವ್ಯಾಲಿಯ ಬಿಸಿಲಲ್ಲಿ ಪಾಪದ ಆನೆ ಆ ಪೋಷಾಕನ್ನು ಮತ್ತೆ ಮತ್ತೆ ಕೊಡವಿ ಹಾಕುತ್ತಿತ್ತಂತೆ. ಮರಳುಗಾಡಿನ ಪ್ರಾಣಿಗೆ ಕಂಬಳಿ ಹೊದಿಸಿದರಲ್ಲ ಎಂದು ನಗುವ ಮೊದಲು ಒಂದು ವಿಷಯ ಕೇಳಿ. 1953-54ರಲ್ಲಿ ಅಲ್ಜೀರಿಯಾದ ಬೆನಿ ಅಬ್ಬೆಸ್ ಓಯಸಿಸ್‌ನಲ್ಲಿ ಕ್ನೂಟ್ ಶ್ಮಿಟ್-ನೀಲ್ಸನ್ ಎಂಬ ಶರೀರಶಾಸ್ತ್ರಜ್ಞ ಒಂಟೆಯೊಂದರ ಕೂದಲು ಬೋಳಿಸಿ ನೋಡಿದರು. ಬೋಳು ಒಂಟೆ ಬೆವರಿ ಕಳೆದುಕೊಂಡ ನೀರು ಸುಮಾರು ಅರ್ಧದಷ್ಟು ಹೆಚ್ಚು. ಉಣ್ಣೆ ಅಲ್ಲಿ ಚಳಿಗಲ್ಲ, ಬಿಸಿಲಿಗೆ ಹಿಡಿದ ಕೊಡೆ. ಡುಬ್ಬದಲ್ಲಿ ನೀರಿಲ್ಲ, ಇರುವುದು ಕೊಬ್ಬು ಎಂಬುದನ್ನು ಖಚಿತ ಮಾಡಿದವರಲ್ಲಿ ಅವರೂ ಒಬ್ಬರು. ಹಾಗಾದರೆ ಟ್ಯಾಂಕು ಎಲ್ಲಿ? ಟ್ಯಾಂಕೇ ಇಲ್ಲ, ಇರುವುದು ಜಿಪುಣತನ. ಬೆಳಗಿನ ಜಾವ 34 ಡಿಗ್ರಿಗೆ ಇಳಿದ ಮೈಬಿಸಿ ಮಧ್ಯಾಹ್ನ 40 ದಾಟುವವರೆಗೂ ಅದು ಬೆವರಲು ಮನಸ್ಸು ಮಾಡುವುದಿಲ್ಲ. ಮೈತೂಕದ ಕಾಲುಭಾಗದಷ್ಟು ನೀರು ಆರಿದರೂ ನಡೆಯುತ್ತದೆ, ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷದಲ್ಲಿ ನೂರು ಲೀಟರ್ ಹೀರುತ್ತದೆ. ಬೇರೆ ಹಲವು ಪ್ರಾಣಿಗಳು ಹಾಗೆ ಕುಡಿದರೆ ರಕ್ತಕಣ ಒಡೆದು ಸತ್ತಾವು. ಒಂಟೆಯ ಕೆಂಪುಕಣ ಮೊಟ್ಟೆಯಾಕಾರದ್ದು, ಎರಡು ಪಟ್ಟು ಉಬ್ಬಿದರೂ ಒಡೆಯದು.

ಇಷ್ಟೆಲ್ಲ ತಿಳಿದದ್ದು ಬಿಕಾನೇರಿಗೆ ಹೋಗಿ ಬಂದ ಮೇಲಿನ ಓದಿನಿಂದ. ದೆಹಲಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬಿಕಾನೇರು. ಊರಾಚೆ ಜೋಡ್‌ಬೀಡ್ ಎಂಬ ಹುಲ್ಲುಗಾವಲಿನ ಬಯಲಲ್ಲಿ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರವಿದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1984ರಲ್ಲಿ ಇದನ್ನು ಯೋಜನೆಯಾಗಿ ಶುರುಮಾಡಿ 1995ರಲ್ಲಿ ರಾಷ್ಟ್ರೀಯ ಕೇಂದ್ರದ ದರ್ಜೆಗೆ ಏರಿಸಿತು. ಮಧ್ಯಾಹ್ನದ ಮೇಲೆ ಹೋಗುವುದು ಒಳ್ಳೆಯದು, ಮೇಯಲು ಹೋದ ಹಿಂಡು ಧೂಳೆಬ್ಬಿಸಿಕೊಂಡು ಹಿಂತಿರುಗುವುದನ್ನು ನೋಡಬಹುದು. ಸದ್ದೇ ಇಲ್ಲ. ಗೊರಸಿಲ್ಲದ ಮೆತ್ತನೆ ಪಾದ, ನೂರು ಒಂಟೆ ಬಂದರೂ ಯಾರೋ ಚಾಪೆ ಎಳೆದಂತೆ ಕೇಳಿಸುತ್ತದೆ.

ನನ್ನ ಕಣ್ಣಿಗೆ ಮೊದಲು ಎಲ್ಲ ಒಂದೇ. ಕೆಲಸದವರು ತೋರಿಸಿಕೊಟ್ಟರು. ಹುಬ್ಬಿನ ಮೇಲೆ ತಗ್ಗು ಬಿದ್ದು, ಕಿವಿ ರೆಪ್ಪೆಗಳಲ್ಲಿ ದಟ್ಟ ಕೂದಲು ಇಳಿಬಿದ್ದದ್ದು ಬಿಕಾನೇರಿ, ಗಾಡಿಗೆ ಕಟ್ಟುವ ಗಟ್ಟಿ ಆಳು. ಸಣ್ಣ ತಲೆ, ತೆಳು ಕಾಲಿನದು ಜೈಸಲ್ಮೇರಿ, ಸವಾರಿಗೆ. ಗುಡ್ಡ ಹತ್ತುವುದಕ್ಕೂ ಹಾಲಿಗೂ ಮೇವಾಡಿ. ಆಮೇಲೆ ಕಛ್ಛಿ. ಕಛ್ ಕರಾವಳಿಯ ಖರಾಯಿ ತಳಿಯಂತೂ ಸಮುದ್ರದಲ್ಲಿ ಈಜಿ ಹೋಗಿ ಕಾಂಡ್ಲಾ ಗಿಡ ಮೇಯುತ್ತದೆ. ಮರಳುಗಾಡಿನ ಹಡಗು ಎಂಬ ಹಳೆಯ ಹೋಲಿಕೆ ಕೇಳಿ ಬೇಸತ್ತವರು ಖರಾಯಿಯನ್ನು ನೋಡಬೇಕು.

ಅಲ್ಲಿನ ಮೇವಿನ ವಿಷಯ ಕೇಳಿ ನನಗೆ ಮೈ ಜುಮ್ಮೆಂದಿತು. ಒಂಟೆಗೆ ಪ್ರಿಯವಾದ ಖೇಜ್ರಿ ಮರ ನಮ್ಮ ಬನ್ನಿ ಮರವೇ. ನಾವು ದಸರೆಯ ದಿನ ಬಂಗಾರವೆಂದು ಹಂಚಿಕೊಳ್ಳುವ ಎಲೆಯನ್ನು ಅದು ದಿನವೂ ತಿನ್ನುತ್ತದೆ. ಒಂಟೆ ಬಿಡುವುದು ಎಕ್ಕವನ್ನು ಮಾತ್ರ, ಮೇಕೆ ಬಿಡುವುದು ಕಲ್ಲನ್ನು ಮಾತ್ರ ಎಂಬ ಅರ್ಥದ ಮಾತು ಆ ಕಡೆ ಇದೆ. ಆಡು ಮುಟ್ಟದ ಸೊಪ್ಪಿಲ್ಲ ಎಂದ ನಮ್ಮವರು ಒಂಟೆ ಸಾಕಿದ್ದರೆ ಗಾದೆಯನ್ನು ತಿದ್ದುತ್ತಿದ್ದರೇನೋ. ನಮಗೆ ಅದು ನೋಡುವ ಪ್ರಾಣಿಯಾಗಿಯೇ ಉಳಿಯಿತು. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಒಂಟೆಗಳಿವೆ, ನಮ್ಮ ಹಟ್ಟಿಗಳಲ್ಲಿಲ್ಲ.

ಬಿಕಾನೇರಿಗೆ ಅದು ರಾಜ್ಯವನ್ನೇ ಹೊತ್ತ ಪ್ರಾಣಿ. ಮಹಾರಾಜ ಗಂಗಾಸಿಂಹರ ಹೆಸರಿನ 'ಗಂಗಾ ರಿಸಾಲಾ' ಎಂಬ ಒಂಟೆಪಡೆ ಸೊಮಾಲಿಲ್ಯಾಂಡಿನಲ್ಲಿ ಕಾದಿತು, 1915ರಲ್ಲಿ ಸೂಯೆಜ್ ಕಾಲುವೆಯ ದಂಡೆಯಲ್ಲಿ ತುರ್ಕರನ್ನು ಎದುರಿಸಿತು. ಸ್ವಾತಂತ್ರ್ಯದ ನಂತರ ಅದು ಜೈಸಲ್ಮೇರಿನ ಪಡೆಯೊಂದಿಗೆ ಸೇರಿ ಗ್ರೆನೇಡಿಯರ್ಸ್ ರೆಜಿಮೆಂಟಿನ ಬೆಟಾಲಿಯನ್ ಆಯಿತು. ಪ್ರತಿ ಜನವರಿ 26ಕ್ಕೆ ನಾವು ರೋಹಿಣಿಯ ಮನೆಗಳಲ್ಲಿ ಟಿವಿ ಮುಂದೆ ಕೂತು ನೋಡುವ ಗಡಿ ಭದ್ರತಾ ಪಡೆಯ ಒಂಟೆ ತುಕಡಿ 1976ರಿಂದ ಪರೇಡಿಗೆ ಬರುತ್ತಿದೆ. ಅದರ ಸವಾರರ ಮೀಸೆಯನ್ನೇ ಎಲ್ಲರೂ ನೋಡುತ್ತಾರೆ. ಒಮ್ಮೆ ಒಂಟೆಯ ಕಾಲುಗಳನ್ನು ನೋಡಿ. ಒಂದು ಪಕ್ಕದ ಎರಡೂ ಕಾಲು ಒಟ್ಟಿಗೆ ಮುಂದೆ ಬರುತ್ತವೆ, ಆಮೇಲೆ ಇನ್ನೊಂದು ಪಕ್ಕದವು. ಕೂತವರಿಗೆ ತೊಟ್ಟಿಲು ತೂಗಿದಂತಾಗುವುದು ಅದಕ್ಕೇ.

ಪರೇಡಿನಲ್ಲಿ ಕಾಣುವ ವೈಭವ ಊರಲ್ಲಿಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ಒಂಟೆಗಳು ಸುಮಾರು 4 ಲಕ್ಷ. 2019ರಲ್ಲಿ ಎರಡೂವರೆ ಲಕ್ಷ. ಏಳು ವರ್ಷದಲ್ಲಿ ನೂರಕ್ಕೆ 37 ಇಲ್ಲವಾದವು. ಕಾರಣ ರೋಗವಲ್ಲ, ಬರವಲ್ಲ. ಟ್ರ್ಯಾಕ್ಟರ್ ಬಂತು, ಟೆಂಪೊ ಬಂತು, ಕಾಲುವೆ ನೀರು ಬಂದಲ್ಲಿ ಮೇಯುವ ಬಯಲು ಹೊಲವಾಯಿತು. ವಿಮಾನದ ಹಳೆ ಟಯರು ಹಾಕಿದ ಒಂಟೆಗಾಡಿ ಬಿಕಾನೇರಿನಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಕಂಡಿತು, ಎಳೆಯುತ್ತಿದ್ದ ಒಂಟೆಗೂ ಹೊಡೆಯುತ್ತಿದ್ದ ಯಜಮಾನನಿಗೂ ವಯಸ್ಸಾಗಿತ್ತು.

ಸರಕಾರ ಸುಮ್ಮನೆ ಕೂರಲಿಲ್ಲ. ರಾಜಸ್ಥಾನ 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯೆಂದು ಸಾರಿತು, 2015ರಲ್ಲಿ ಕಾನೂನು ತಂದು ಕೊಲ್ಲುವುದನ್ನೂ ಅನುಮತಿಯಿಲ್ಲದೆ ರಾಜ್ಯದಾಚೆ ಒಯ್ಯುವುದನ್ನೂ ನಿಷೇಧಿಸಿತು. ಕೇಳಲು ಸೊಗಸು. ಆದರೆ ಸಾಕುವವನ ಲೆಕ್ಕ ಬೇರೆ. ಹೆಣ್ಣು ಕರುವನ್ನು ಹಿಂಡಿಗೆ ಇಟ್ಟುಕೊಂಡು ಗಂಡನ್ನು ಪುಷ್ಕರದಂಥ ಜಾತ್ರೆಯಲ್ಲಿ ಮಾರಿ ವರ್ಷದ ಖರ್ಚು ತೂಗಿಸುತ್ತಿದ್ದವನು ಅವನು. ಹೊರರಾಜ್ಯದ ಗಿರಾಕಿ ನಿಂತ, ಬೆಲೆ ಬಿತ್ತು. ಹದಿಮೂರು ತಿಂಗಳು ಹೊತ್ತು ಹೆರುವ ಪ್ರಾಣಿಯ ಕರುವಿಗೆ ಮೇಕೆಯ ಬೆಲೆಯೂ ಹುಟ್ಟದಿದ್ದರೆ ಯಾರು ಸಾಕುತ್ತಾರೆ? ಕೊಲ್ಲಬಾರದು ಎಂಬುದರಲ್ಲಿ ನನಗೆ ತಕರಾರಿಲ್ಲ. ಗಿರಾಕಿಯನ್ನು ಓಡಿಸಿ ಪ್ರಾಣಿಯನ್ನು ಕಾಪಾಡುತ್ತೇವೆ ಎನ್ನುವುದು ಮಾತ್ರ ನನಗೆ ಒಪ್ಪಿಗೆಯಾಗದು. ಬಿಕಾನೇರಿನ ಕೇಂದ್ರದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ: ಕೆಲಸ ಕಳೆದುಕೊಂಡ ಪ್ರಾಣಿಗೆ ಹೊಸ ಕೆಲಸ ಹುಡುಕುವುದು.

ಹಾಲು ಅದರಲ್ಲಿ ಮೊದಲನೆಯದು. ಕೇಂದ್ರದ ಅಂಗಡಿಯಲ್ಲಿ ಒಂಟೆ ಹಾಲಿನ ಚಹಾ, ಕಾಫಿ, ಕುಲ್ಫಿ ಸಿಗುತ್ತವೆ. ಕುಲ್ಫಿ ತಿಂದೆ, ಚೆನ್ನಾಗಿತ್ತು. ಬರೀ ಹಾಲು ತೆಳ್ಳಗೆ, ತುಸು ಉಪ್ಪುಪ್ಪು. ಒಂದೇ ಕೊರತೆ, ಹೆಪ್ಪು ಹಾಕಿದರೆ ಗಟ್ಟಿ ಮೊಸರಾಗುವುದಿಲ್ಲ, ನೀರುನೀರಾಗಿ ನಿಲ್ಲುತ್ತದೆ. ಮೊಸರಾಗದ್ದನ್ನು ಹಾಲು ಎನ್ನಲು ನನ್ನ ಹೆಂಡತಿ ಸಿದ್ಧಳಿಲ್ಲ. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಒಂಟೆ ಹಾಲಿಗೆ ಮಾನದಂಡ ಗೊತ್ತುಮಾಡಿತು, 2019ರ ಜನವರಿಯಲ್ಲಿ ಅಮುಲ್ ಕಛ್‌ನ ಹಾಲನ್ನು ಬಾಟಲಿಯಲ್ಲಿ ಮಾರಾಟಕ್ಕೆ ತಂದಿತು. ಎರಡನೆಯದು ರಕ್ತ. ಒಂಟೆಯ ರಕ್ತದಲ್ಲಿ ಮಾಮೂಲಿಗಿಂತ ಚಿಕ್ಕದಾದ, ಸರಳ ರಚನೆಯ ಪ್ರತಿಕಾಯಗಳಿವೆ ಎಂದು ಬ್ರಸೆಲ್ಸಿನ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದರು. ಬಿಕಾನೇರಿನ ಕೇಂದ್ರ ಅಂಥ ಪ್ರತಿಕಾಯಗಳಿಂದ ಮರಳುಗಾಡಿನ ಗರಗಸ ಮಂಡಲ ಹಾವಿನ ವಿಷಕ್ಕೆ ಮದ್ದು ಮಾಡುವ ಸಂಶೋಧನೆ ನಡೆಸಿದೆ.

ಈ ಹಾಲಿನ ವ್ಯಾಪಾರಕ್ಕೆ ಒಂದು ವಿಚಿತ್ರ ತೊಡಕು ಇತ್ತು. ತಲೆಮಾರುಗಳಿಂದ ಒಂಟೆ ಸಾಕಿಕೊಂಡು ಬಂದ ರಾಯಿಕಾ ಅಥವಾ ರೆಬಾರಿ ಜನ ಹಾಲು ಮಾರುವುದನ್ನು ಮಗನನ್ನು ಮಾರಿದ್ದಕ್ಕೆ ಸಮವೆಂದು ತಿಳಿದಿದ್ದವರು. ಬಂದವರಿಗೆಲ್ಲ ಸುಮ್ಮನೆ ಕುಡಿಸುತ್ತಿದ್ದರು. ಕರೆಯುವ ರೀತಿಯೇ ಒಂದು ವಿದ್ಯೆ: ಕರು ಒಂದು ಪಕ್ಕ ಮೊಲೆ ಚೀಪುತ್ತಿರುವಾಗ, ಇನ್ನೊಂದು ಪಕ್ಕ ಒಂಟಿಕಾಲಲ್ಲಿ ನಿಂತು, ಮಡಿಸಿದ ಮೊಣಕಾಲ ಮೇಲೆ ಪಾತ್ರೆ ಇಟ್ಟುಕೊಂಡು ಎರಡೂ ಕೈಯಲ್ಲಿ ಕರೆಯಬೇಕು. ಕರು ಸರಿದರೆ ಹಾಲೂ ನಿಂತಿತು.

ಒಂಟೆ ಬಂದ ಬಗೆಗೂ ಅವರಲ್ಲಿ ಕತೆಗಳಿವೆ. ಜಾನಪದ ವೀರ ಪಾಬೂಜಿ ಅದನ್ನು ಲಂಕೆಯಿಂದ ಹೊಡೆದುಕೊಂಡು ಬಂದನೆಂಬುದು ಒಂದು. ಇನ್ನೊಂದು ಕತೆಯನ್ನು ನಾನು ಹುಡುಗನಿಗೆ ಹೇಳಿದೆ. ಪಾರ್ವತಿ ಆಟಕ್ಕೆಂದು ಮಣ್ಣಿನಲ್ಲಿ ಒಂದು ಪ್ರಾಣಿ ಮಾಡಿ, ಇದಕ್ಕೆ ಜೀವ ಕೊಡು ಎಂದು ಶಿವನನ್ನು ಕಾಡಿದಳು. ಅದಕ್ಕೆ ಐದು ಕಾಲು. ಜೀವ ಬಂದರೂ ನಡೆಯಲಾಗದೆ ತೊಡರಿತು. ಶಿವ ಐದನೆಯ ಕಾಲನ್ನು ಒಳಗೆ ಒತ್ತಿ ಮೇಲಕ್ಕೆ ತಳ್ಳಿದ, ಅದೇ ಡುಬ್ಬವಾಯಿತು. ಎದ್ದ ಪ್ರಾಣಿ ಮಾಡಿದ ತುಂಟತನ ತಡೆಯಲಾರದೆ ತನ್ನ ತೋಳಿನ ಚರ್ಮ ಉಜ್ಜಿ ಬಂದದ್ದರಿಂದ ಮೊದಲ ರಾಯಿಕಾನನ್ನು ಮಾಡಿದ, ಇನ್ನು ನೀನುಂಟು ನಿನ್ನ ಒಂಟೆಯುಂಟು ಎಂದು. ಹುಡುಗ ಕತೆ ಮುಗಿಯುವುದನ್ನೇ ಕಾಯುತ್ತಿದ್ದ. "ತಪ್ಪು. ಮೇಲಿದ್ರೆ ಸ್ಟ್ಯಾಂಡ್ ಹೆಂಗೆ ಆಗ್ತದೆ?"

ಆ ದಿನ ಪಾರ್ಕಿನ ಆಚೆ ಒಂಟೆಯ ಮೇಲೆ ಅವನ ಸುತ್ತು ಮುಗಿಯುತ್ತ ಬಂದಿತ್ತು. ಒಂಟೆಯವನು ಭಿವಾನಿ ಕಡೆಯವನು. ಗಂಡು ಒಂಟೆಗೆ ಚಳಿಗಾಲದಲ್ಲಿ ಮದ ಬರುತ್ತದೆ, ಅದಕ್ಕೇ ಬಾಯಿಗೆ ಕುಕ್ಕೆ ಕಟ್ಟಿದ್ದೇನೆ ಎಂದ. ಮಗ ಇ-ರಿಕ್ಷಾ ಓಡಿಸುತ್ತಾನಂತೆ. "ಹಾಗಾದರೆ ಇದನ್ನು ಮಾರಿಬಿಡಬಹುದಲ್ಲ ಭಾಯಿ ಸಾಬ್?" ಎಂದು ಕೇಳಿದೆ.

"ಯಾರಿಗೆ ಬಾಬೂಜಿ?" ಎಂದವನೇ ಮೂಗಿನ ಹಗ್ಗವನ್ನು ಮೆಲ್ಲಗೆ ಕೆಳಕ್ಕೆ ಜಗ್ಗಿ "ಝೈ, ಝೈ" ಎಂದ.

ಒಂಟೆ ಒಮ್ಮೆ ಗೊಣಗಿ, ಮೊದಲು ಮುಂದಿನ ಮೊಣಕಾಲೂರಿತು. ಹುಡುಗ ಮುಂದಕ್ಕೆ ವಾಲಿದ. ಹಿಂಗಾಲು ಮಡಿಯಿತು, ಹಿಂದಕ್ಕೆ ವಾಲಿದ. ಇಳಿದವನು ನನ್ನ ಕಡೆ ಬರಲಿಲ್ಲ. ಅಲ್ಲೇ ಫುಟ್‌ಪಾತಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ ಒಂಟೆಯ ಹೊಟ್ಟೆಯಡಿ ನೋಡತೊಡಗಿದ. ನಾನೂ ಬಗ್ಗಿದೆ. ಮುಂಗಾಲುಗಳ ನಡುವೆ ಎದೆಯಿಂದ ಕಪ್ಪಗೆ, ಎಮ್ಮೆಯ ಗೊರಸಿನಷ್ಟು ಗಟ್ಟಿಯಾದ, ಅಗಲವಾದ ಒಂದು ಗಡ್ಡೆ ಇಳಿದು ನೆಲಕ್ಕೆ ಊರಿತ್ತು. ಆರೇಳು ಕ್ವಿಂಟಲ್ ಮೈಯ ಮುಂಭಾಗದ ಭಾರವೆಲ್ಲ ಅದರ ಮೇಲೆ. ಕಾದ ಮರಳಿಗೆ ಹೊಟ್ಟೆ ತಾಗದಂತೆ, ಅಡಿಯಲ್ಲಿ ಗಾಳಿ ಹಾಯುವಂತೆ ಅದು ಮೈಯನ್ನು ಎತ್ತಿ ಹಿಡಿದಿತ್ತು. ಹೊಟ್ಟೆಗೂ ನೆಲಕ್ಕೂ ನಡುವಿನ ಸಂದಿಯಲ್ಲಿ ಆಚೆ ಬದಿಯ ಬೆಳಕು ಕಾಣುತ್ತಿತ್ತು.

"ಸ್ಟ್ಯಾಂಡು," ಎಂದ ಹುಡುಗ, ತಲೆ ಎತ್ತದೆ.