ಕಣ್ಣಿಗೊಂದು ಮಾದರಿ, ಪರೀಕ್ಷೆಗೊಂದು ಮಾದರಿ

ನವರಾತ್ರಿ ಬಂದಿತೆಂದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಗೊಂಬೆಗಳ ಸಾಲು ಏಳುತ್ತದೆ. ಮೇಲಿನ ಹಂತದಲ್ಲಿ ಪಟ್ಟದ ಗೊಂಬೆಗಳು. ಕೆಳಗೆ, ನೆಲದ ಮೇಲೆ, ಮಕ್ಕಳ ರಾಜ್ಯ. ಮಣ್ಣು ಹರಡಿ ರಾಗಿ ಮೊಳೆಯಿಸಿದರೆ ಅದು ಹೊಲ. ತಟ್ಟೆಯಲ್ಲಿ ನೀರು ತುಂಬಿದರೆ ಅದು ಕೆರೆ. ಈಚಿನ ವರ್ಷಗಳಲ್ಲಿ ಈ ರಾಜ್ಯಕ್ಕೆ ರಾಕೆಟ್ಟೂ ಚಂದ್ರಯಾನವೂ ಬಂದು ಸೇರಿವೆ. ಗಮನವಿಟ್ಟು ನೋಡಿದವರಿಗೆ ಇಲ್ಲೊಂದು ವಿಚಿತ್ರ ಕಾಣದಿರದು. ರಟ್ಟಿನ ಮನೆಯನ್ನು ನಮ್ಮ ಕಣ್ಣು ಮನೆಯೆಂದೇ ಒಪ್ಪುತ್ತದೆ. ತಟ್ಟೆಯ ನೀರನ್ನು ಬೆರಳಿನಿಂದ ಅಲುಗಿಸಿದೊಡನೆ ಮಾತ್ರ ಕೆರೆಯ ಭ್ರಮೆ ಹರಿದುಹೋಗುತ್ತದೆ. ಇದೇಕೆ ಹೀಗೆ?

ಇದು ಕೇವಲ ಮಕ್ಕಳಾಟದ ಪ್ರಶ್ನೆಯಲ್ಲ. ೧೯೬೦ರ ದಶಕದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಟೆಲಿವಿಷನ್ನಿಗಾಗಿ ಆಕಾಶನೌಕೆಗಳ ಕತೆಗಳನ್ನು ಚಿತ್ರಿಸಿದ ಕುಶಲಿಗಳೂ ಇದನ್ನೇ ಎದುರಿಸಬೇಕಾಯಿತು. ವಸ್ತುವನ್ನು ಕಿರಿದಾಗಿಸುವುದು ಸುಲಭ. ಆದರೆ ಭೂಮಿಯ ಗುರುತ್ವವನ್ನು ಕಿರಿದಾಗಿಸಲು ಯಾರಿಗೂ ಸಾಧ್ಯವಿಲ್ಲ.

ಹದಿನಾರು ಮೀಟರು ಎತ್ತರದ ಗೋಪುರದಿಂದ ಕಲ್ಲೊಂದು ಬಿದ್ದಿತೆನ್ನೋಣ. ಅದು ನೆಲ ಮುಟ್ಟಲು ಸುಮಾರು ೧.೮ ಸೆಕೆಂಡು ಹಿಡಿಯುತ್ತದೆ. ಅದೇ ಗೋಪುರವನ್ನು ಹದಿನಾರರಲ್ಲಿ ಒಂದು ಪಾಲಾಗಿ, ಒಂದೇ ಮೀಟರಿನ ಮಾದರಿಯಾಗಿ ಕಟ್ಟಿದರೆ, ಕಲ್ಲು ೦.೪೫ ಸೆಕೆಂಡಿನಲ್ಲಿಯೇ ಬಿದ್ದುಬಿಡುತ್ತದೆ. ಎತ್ತರವು ಹದಿನಾರು ಪಟ್ಟು ತಗ್ಗಿದರೆ ಬೀಳುವ ಕಾಲವು ಅದರ ವರ್ಗಮೂಲದಷ್ಟು, ಎಂದರೆ ನಾಲ್ಕು ಪಟ್ಟು ಮಾತ್ರ ತಗ್ಗುತ್ತದೆ. ಆದರೂ ನೋಡುವ ಕಣ್ಣು ಆ ಅವಸರದಿಂದಲೇ ಇದು ಗೊಂಬೆಯೆಂದು ಗುರುತಿಸಿಬಿಡುತ್ತದೆ.

ಪರಿಹಾರವೂ ಈ ಲೆಕ್ಕದಲ್ಲಿಯೇ ಅಡಗಿದೆ. ಸೆಕೆಂಡಿಗೆ ೨೪ ಚಿತ್ರಗಳ ಬದಲು ೯೬ ಚಿತ್ರಗಳನ್ನು ತೆಗೆದು, ಅವನ್ನು ಮತ್ತೆ ೨೪ರ ವೇಗದಲ್ಲಿ ತೋರಿಸಿದರೆ ಕಾಲವು ನಾಲ್ಕು ಪಟ್ಟು ಹಿಗ್ಗಿ, ಕಲ್ಲು ಗಾಂಭೀರ್ಯದಿಂದ ಬೀಳುತ್ತದೆ. ೧೯೬೫ರಲ್ಲಿ ಪ್ರಾರಂಭವಾದ ‘ಥಂಡರ್‌ಬರ್ಡ್ಸ್’ ಎಂಬ ಇಂಗ್ಲಿಷ್ ಮಾಲೆಯಲ್ಲಿ ಡೆರೆಕ್ ಮೆಡಿಂಗ್ಸ್ ಮತ್ತು ಅವರ ಸಂಗಡಿಗರು ಸ್ಫೋಟಗಳನ್ನೂ ಕುಸಿತಗಳನ್ನೂ ಹೀಗೆಯೇ ವೇಗದ ಕ್ಯಾಮೆರಾಗಳಿಂದ ಚಿತ್ರಿಸಿದರು. ಹೊಸ ಬಣ್ಣದ ಹೊಳಪು ಮಾದರಿಯ ಗುಟ್ಟನ್ನು ಬಯಲುಮಾಡುವುದೆಂದು ತಮ್ಮ ನೌಕೆಗಳಿಗೆ ಮಸಿಯನ್ನೂ ಕೊಳೆಯನ್ನೂ ಬಳಿದರು. ಆದರೆ ನೀರಿನ ಮುಂದೆ ಈ ಉಪಾಯವೂ ಪೂರ್ತಿ ಸಾಗದು. ಹನಿಯ ಗಾತ್ರವನ್ನು ನಿರ್ಧರಿಸುವುದು ನೀರಿನ ಮೇಲ್ಮೈಯ ಎಳೆತ. ಹಡಗನ್ನು ಕಿರಿದಾಗಿಸಿದರೆ ಹನಿಯೂ ಕಿರಿದಾಗುವುದಿಲ್ಲ. ನಮ್ಮ ತಟ್ಟೆಯ ಕೆರೆಯ ಗುಟ್ಟೂ ಇದೇ.

ಅಮೆರಿಕದ ‘ಸ್ಟಾರ್ ಟ್ರೆಕ್’ ಮಾಲೆ ಪ್ರಾರಂಭವಾದುದು ೧೯೬೬ರಲ್ಲಿ. ೧೯೮೦ರ ದಶಕದಲ್ಲಿ ದೂರದರ್ಶನದ ಮೂಲಕ ಅದು ನಮ್ಮ ಮನೆಗಳಿಗೂ ಬಂದಿತು. ಅದರ ‘ಎಂಟರ್‌ಪ್ರೈಸ್’ ನೌಕೆಯನ್ನು ಕಲ್ಪಿಸಿದ ಮ್ಯಾಟ್ ಜೆಫ್ರೀಸ್ ಅವರು ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳಲ್ಲಿ ಹಾರಿದ್ದವರು. ಕೆಟ್ಟದ್ದನ್ನು ದುರಸ್ತಿಮಾಡಲು ಯಾರೂ ನೌಕೆಯ ಹೊರಗೆ ಹೋಗಬೇಕಾಗಬಾರದೆಂಬುದು ಅವರ ತರ್ಕ; ಆದುದರಿಂದ ಯಂತ್ರಗಳೆಲ್ಲ ಒಳಗೆ, ಹೊರಮೈ ನುಣುಪು. ಹನ್ನೊಂದು ಅಡಿಗೂ ಮಿಗಿಲಾದ ಉದ್ದದ ಆ ಮಾದರಿಯ ಎಡಮಗ್ಗುಲಿನಿಂದ ದೀಪಗಳ ತಂತಿಗಳು ಹೊರಬರುತ್ತಿದ್ದವು. ಆದ್ದರಿಂದ ಕ್ಯಾಮೆರಾ ನೋಡುತ್ತಿದ್ದುದು ಬಲಮಗ್ಗುಲನ್ನು. ಪ್ರತಿ ವಾರವೂ ನೌಕೆಯೊಂದನ್ನು ಹೊಸ ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ಹಣವಿರಲಿಲ್ಲ. ಆದ್ದರಿಂದ ಮನುಷ್ಯರನ್ನೇ ಇಲ್ಲಿ ಮಾಯಮಾಡಿ ಅಲ್ಲಿ ಮೂಡಿಸುವ ಯಂತ್ರವನ್ನು ಕತೆಗೆ ಸೇರಿಸಿದರು. ಇಳಿಯುವ ಕಷ್ಟವೇ ತಪ್ಪಿತು!

ನಿಜವಾದ ಆಕಾಶನೌಕೆಯನ್ನು ಕಟ್ಟುವವರಿಗೆ ಈ ಸೌಲಭ್ಯವಿಲ್ಲ. ಬೆಂಗಳೂರಿನ ಉಪಗ್ರಹ ಕೇಂದ್ರದವರು ಚಂದ್ರಯಾನಕ್ಕಾಗಿ ‘ವಿಕ್ರಮ್’ ಲ್ಯಾಂಡರನ್ನು ಸಿದ್ಧಪಡಿಸಿದಾಗ ಇಳಿಯುವುದೇ ಮುಖ್ಯ ಕಾರ್ಯವಾಗಿತ್ತು. ಅದನ್ನು ಪರೀಕ್ಷಿಸಲು ಅವರಿಗೂ ಚಂದ್ರನದೊಂದು ರಂಗಸಜ್ಜಿಕೆ ಬೇಕಾಯಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ, ಉಳ್ಳಾರ್ತಿ ಕಾವಲಿನಲ್ಲಿ, ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿ, ಅವುಗಳ ಮೇಲೆ ಉಪಕರಣಗಳನ್ನು ಹಾರಿಸಿ ನೋಡಿದರು. ಸೇಲಂ ಸೀಮೆಯ ಸಿತ್ತಂಪೂಂಡಿಯಲ್ಲಿ ಚಂದ್ರಶಿಲೆಯನ್ನು ಹೋಲುವ ಅನಾರ್ಥೊಸೈಟ್ ಎಂಬ ಕಲ್ಲು ದೊರೆಯುತ್ತದೆ. ಅದನ್ನು ಪುಡಿಮಾಡಿಸಿ ಬೆಂಗಳೂರಿನಲ್ಲಿ ಕೃತಕ ಚಂದ್ರನೆಲವನ್ನು ಹಾಸಿದರು.

ಇಲ್ಲಿಯೂ ಅಡ್ಡಬಂದುದು ಗುರುತ್ವವೇ. ಚಂದ್ರನ ಮೇಲೆ ತೂಕವು ಇಲ್ಲಿಯ ಆರನೆಯ ಒಂದು ಪಾಲು. ೨೬ ಕಿಲೋಗ್ರಾಂನ ‘ಪ್ರಗ್ಯಾನ್’ ಗಾಡಿ ಅಲ್ಲಿ ನಾಲ್ಕು ಕಿಲೋಗ್ರಾಮಿಗೆ ತುಸು ಮೇಲಿನ ವಸ್ತುವಿನಂತೆ ನೆಲವನ್ನು ಒತ್ತುತ್ತದೆ. ಹೀಲಿಯಂ ತುಂಬಿದ ಬಲೂನಿನಿಂದ ಗಾಡಿಯನ್ನು ಮೇಲಕ್ಕೆಳೆದು ಆ ಹಗುರವನ್ನು ತಂದರು. ಆದರೆ ಯೋಚಿಸಿರಿ: ಬಲೂನು ಎತ್ತುವುದು ಗಾಡಿಯನ್ನು, ಚಕ್ರದಡಿಯ ಮರಳನ್ನಲ್ಲ. ಆ ಮರಳಿನ ಕಣಕಣವೂ ಭೂಮಿಯ ತೂಕದಲ್ಲಿಯೇ ಕುಳಿತಿರುತ್ತದೆ. ತಟ್ಟೆಯ ನೀರಿನ ಹನಿಯಂತೆ ಇದೂ ಮಾದರಿಗೆ ಬಗ್ಗದ ಅಂಶ.

ಎರಡು ಕಸುಬುಗಳೂ ಅಗಲುವುದು ಇಲ್ಲಿ. ತಂತಿಗಳಿರುವ ಮಗ್ಗುಲನ್ನು ಟೆಲಿವಿಷನ್ನಿನ ಕುಶಲಿ ಕ್ಯಾಮೆರಾದಿಂದ ಮರೆಮಾಡಬಹುದು. ಕಣ್ಣು ಮೋಸಹೋದರೆ ಅವನ ಕೆಲಸ ಗೆದ್ದಂತೆ. ಇಂಜಿನಿಯರನು ಮಾತ್ರ ತನ್ನ ಮಾದರಿ ಎಲ್ಲಿ ಸುಳ್ಳಾಡುತ್ತದೆಂಬುದನ್ನು ಹುಡುಕಿ ಹುಡುಕಿ ಲೆಕ್ಕಕ್ಕೆ ತರಬೇಕು. ತಾನೇ ಮೋಸಹೋದರೆ ನೌಕೆಯೇ ಹೋಯಿತು. ೨೦೧೯ರ ಸೆಪ್ಟೆಂಬರ್ ೭ರ ನಸುಕಿನಲ್ಲಿ ಮೊದಲ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿ ನಾಶವಾಯಿತು. ಅನಂತರ ಪರೀಕ್ಷೆಗಳು ಇನ್ನಷ್ಟು ಕಠಿಣವಾದವು. ಸಂವೇದಕಗಳನ್ನು ಹೆಲಿಕಾಪ್ಟರಿನಿಂದ ಹಾರಿಸಿದರು. ಎಂಜಿನ್ನುಗಳನ್ನು ಎತ್ತರದ ಕ್ರೇನಿನ ನೆರವಿನಿಂದ ಉರಿಸಿದರು. ಕಾಲುಗಳ ಬಲವನ್ನು ಕೃತಕ ಚಂದ್ರನೆಲದ ಮೇಲೆ ಪರೀಕ್ಷಿಸಿದರು. ೨೦೨೩ರ ಆಗಸ್ಟ್ ೨೩ರ ಸಂಜೆ ಎರಡನೆಯ ವಿಕ್ರಮ್ ಚಂದ್ರನ ಮೇಲೆ ಮೆಲ್ಲನೆ ಇಳಿಯಿತು. ಅದರೊಳಗಿಂದ ಹೊರಟ ಪ್ರಗ್ಯಾನ್ ಮೊದಲ ಬಾರಿಗೆ, ಬಲೂನಿನ ಹಂಗಿಲ್ಲದೆ, ತನ್ನ ನಿಜವಾದ ಹಗುರದಲ್ಲಿ ಚಂದ್ರನ ನಿಜವಾದ ಮಣ್ಣಿನ ಮೇಲೆ ಉರುಳಿತು.