ನಕ್ಷೆಯ ಗೆರೆ ಮಾಸದಂತೆ ಸ್ಕ್ಯಾನಿಂಗ್

ಬಿಡಿಭಾಗಗಳ ತಯಾರಿಕೆಯಲ್ಲಿ ದರಪಟ್ಟಿಯಿಂದ ಹಿಡಿದು ಸರಕಿನ ತಪಾಸಣೆಯವರೆಗೆ ಎಲ್ಲಕ್ಕೂ ನಕ್ಷೆಯೇ ಆಧಾರ. ಗಣಕದಲ್ಲಿ ರಚಿಸಿದ ನಕ್ಷೆಗಳು ಸಾಮಾನ್ಯವಾಗಿದ್ದರೂ ಹಳೆಯ ಯಂತ್ರ, ಅಚ್ಚು, ಡೈಗಳ ನಕ್ಷೆಗಳು ಅನೇಕ ಘಟಕಗಳಲ್ಲಿ ಕಾಗದದ ಮೇಲೆಯೇ ಉಳಿದಿವೆ. ಅವುಗಳ ಸ್ಕ್ಯಾನ್ ಪ್ರತಿಯಲ್ಲಿ 12.5 ಮಿ.ಮೀ. ಎಂಬಲ್ಲಿನ ಬಿಂದು ಅಳಿಸಿಹೋದರೆ ಓದುವವನಿಗೆ ದೊರೆಯುವುದು 125. ಅಷ್ಟು ದೊಡ್ಡ ತಪ್ಪನ್ನು ಯಾರಾದರೂ ಗುರುತಿಸಿಯಾರು. 3 ಎಂಬುದು 8 ಆಗಿ ಕಂಡರೆ ಲೋಹ ಕತ್ತರಿಸಿದ ಮೇಲಷ್ಟೇ ತಿಳಿದೀತು.

ಕಛೇರಿ ಪತ್ರಗಳಿಗೆ ಸಾಕಾಗುವ 200 ಡಿಪಿಐ ನಕ್ಷೆಗೆ ಸಾಲದು. 0.18 ಮಿ.ಮೀ. ದಪ್ಪದ ಗೆರೆ ಅಲ್ಲಿ ಒಂದೂವರೆ ಚುಕ್ಕೆಯಷ್ಟೂ ಅಗಲವಿರುವುದಿಲ್ಲ; 600 ಡಿಪಿಐನಲ್ಲಿ ನಾಲ್ಕು ಚುಕ್ಕೆಗಳನ್ನು ಮೀರುತ್ತದೆ. ಕಡತ ಹಿಗ್ಗುವುದೆಂಬ ಅಂಜಿಕೆ ಬೇಡ. ಈ ಪ್ರಮಾಣದಲ್ಲಿ ಎ4 ಹಾಳೆಯ ಬೂದುಛಾಯೆಯ ಪ್ರತಿ ಸುಮಾರು 35 ಎಂಬಿ ಆದರೆ, ಅಪ್ಪಟ ಕಪ್ಪು-ಬಿಳುಪು ಪ್ರತಿ ಅದರ ಎಂಟನೆಯ ಒಂದು ಭಾಗ ಮಾತ್ರ. ಟಿಫ್ ಕಡತದಲ್ಲಿ ಗ್ರೂಪ್ 4 ಸಂಕುಚನ ಬಳಸಿದರೆ ಒಂದು ಚುಕ್ಕೆಯೂ ನಷ್ಟವಾಗದೆ ಅದು ಇನ್ನೂ ಕಿರಿದಾಗುತ್ತದೆ. ಜೆಪೆಗ್ ಛಾಯಾಚಿತ್ರಕ್ಕೆ ಹೇಳಿಸಿದ್ದು. ಗೆರೆಗಳ ಸುತ್ತ ಮಸುಕು ಉಳಿಸುತ್ತದೆ.

ನಿಜವಾದ ಕೌಶಲವಿರುವುದು ಥ್ರೆಶೋಲ್ಡ್ ನಿಗದಿಯಲ್ಲಿ. 0ಯಿಂದ 255ರವರೆಗಿನ ಛಾಯೆಗಳಲ್ಲಿ ಯಾವುದು ಕಪ್ಪು, ಯಾವುದು ಬಿಳುಪು ಎಂಬುದನ್ನು ಈ ಗಡಿಯೇ ತೀರ್ಮಾನಿಸುತ್ತದೆ. ಗಡಿಯನ್ನು ಏರಿಸಿದರೆ ಪೆನ್ಸಿಲ್ಲಿನ ಮಾಸಲು ಗೆರೆ ಮೂಡುತ್ತದೆ, ಜೊತೆಗೆ ಕಾಗದದ ಕೊಳೆಯೂ ಮೂಡುತ್ತದೆ. ಆದ್ದರಿಂದ ಮೊದಲು ಬೂದುಛಾಯೆಯಲ್ಲಿ ಸ್ಕ್ಯಾನ್ ಮಾಡಿ, ಗಡಿಯನ್ನು ಗಣಕದಲ್ಲಿ ಹೊಂದಿಸುವುದು ಲೇಸು. 6 ಮತ್ತು 8ರ ಒಳಗಿನ ಬಿಳುಪು ತೆರೆದಿದೆಯೇ, ಛೇದನೋಟದ ಓರೆಗೆರೆಗಳು ಒಂದಕ್ಕೊಂದು ಅಂಟಿಲ್ಲವೇ ಎಂದು ನೋಡಿದರೆ ಸಾಕು.

ನೀಲಿ ಹಿನ್ನೆಲೆಯ ಬ್ಲೂಪ್ರಿಂಟನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಕೆಂಪು ಚಾನೆಲ್ ಮಾತ್ರ ಉಳಿಸಿ, ಕಪ್ಪು-ಬಿಳುಪನ್ನು ಅದಲುಬದಲು ಮಾಡಬೇಕು. ಬಿಳಿ ಹಾಳೆಯಲ್ಲಿ ನೀಲಿ ಗೆರೆಯಿರುವ ಅಮೋನಿಯಾ ಪ್ರಿಂಟಿಗೂ ಇದೇ ಚಾನೆಲ್ ಅನುಕೂಲ. ಆದರೆ ತಪಾಸಕರು ಕೆಂಪು ಶಾಯಿಯಲ್ಲಿ ಮಾಡಿದ ತಿದ್ದುಪಡಿ ಅದರಲ್ಲಿ ಮಾಯವಾಗುತ್ತದೆ. ಅಂತಹ ಹಾಳೆಗೆ ಬಣ್ಣದ ಪ್ರತಿಯನ್ನೂ ಇಡುವುದು ಅಗತ್ಯ.

ಸ್ಪಷ್ಟವಾಗಿ ಕಂಡದ್ದೆಲ್ಲ ಸರಿಯೆಂದೇನೂ ಅಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅವರು ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಆದ ಕಟ್ಟಡದ ನಕ್ಷೆಯಲ್ಲಿ 21.11 ಚದರ ಮೀಟರಿನ ಕೋಣೆ 14.13 ಎಂದು ನಮೂದಾದುದನ್ನು ಬಯಲಿಗೆ ತಂದರು. ಜೆಬಿಐಜಿ2 ಎಂಬ ಸಂಕುಚನ ವಿಧಾನ ಹೋಲಿಕೆಯುಳ್ಳ ಅಂಕಿಗಳ ಜಾಗದಲ್ಲಿ ಒಂದೇ ಅಚ್ಚನ್ನು ಇಟ್ಟಿತ್ತು. ಅಂಕಿ ಕಿಂಚಿತ್ತೂ ಮಸುಕಾಗಿರಲಿಲ್ಲವಾಗಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕಂಪನಿ ಬಳಿಕ ತಂತ್ರಾಂಶ ಸರಿಪಡಿಸಿತು. ಆದರೂ ಅಳತೆಗಳನ್ನು ಮೂಲದೊಡನೆ ಒಬ್ಬರು ಓದಿ, ಮತ್ತೊಬ್ಬರು ತಾಳೆನೋಡುವವರೆಗೆ ಕಾಗದದ ನಕ್ಷೆಯನ್ನು ರದ್ದಿಗೆ ಹಾಕಬಾರದು.