ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿದರೆ ಮಗುವಿಗೆ ಉಸಿರುಗಟ್ಟುತ್ತದೆಯೇ?

‘ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕೊರಳಿಗೆ ಬಳ್ಳಿ ಸುತ್ತಿರುವುದು ಕಂಡರೆ ತಕ್ಷಣ ಸಿಸೇರಿಯನ್ ಮಾಡಿಸಿ, ಇಲ್ಲವಾದರೆ ಮಗು ಉಸಿರುಗಟ್ಟಿ ಸಾಯುತ್ತದೆ’ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಇದು ನಿಜವೇ?

ಇಲ್ಲ. ಗರ್ಭದಲ್ಲಿರುವ ಮಗು ಮೂಗು, ಗಂಟಲಿನ ಮೂಲಕ ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ತಾಯಿಯ ರಕ್ತದಿಂದ ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಸುಮಾರು 4-5 ಹೆರಿಗೆಗಳಲ್ಲಿ ಒಂದರಲ್ಲಿ ಬಳ್ಳಿ ಕೊರಳಿಗೆ ಸುತ್ತಿರುತ್ತದೆ. ಬಳ್ಳಿಯೊಳಗಿನ ಜೆಲ್ಲಿಯಂಥ ಪದಾರ್ಥ ರಕ್ತನಾಳಗಳನ್ನು ಕಾಯುವುದರಿಂದ ಬಹುತೇಕ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ.

ಹಾಗಾದರೆ ಅಪಾಯ ಯಾವಾಗ? ಬಳ್ಳಿ ಬಲವಾಗಿ ಒತ್ತಿಹೋದಾಗ, ಹೆರಿಗೆಗೆ ಮೊದಲೇ ಮಾಸು ಕಳಚಿದಾಗ ಅಥವಾ ತಾಯಿಯ ಬಿಪಿ ತೀರಾ ಕುಸಿದಾಗ ಮಗುವಿಗೆ ಆಮ್ಲಜನಕ ಕಡಿಮೆಯಾಗಬಹುದು. ಅದಕ್ಕಾಗಿಯೇ ಹೆರಿಗೆ ವೇಳೆ ಮಗುವಿನ ಎದೆಬಡಿತವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಸಾಮಾನ್ಯವಾಗಿ ಅದು ನಿಮಿಷಕ್ಕೆ 110ರಿಂದ 160 ಇರುತ್ತದೆ. ಅದರಲ್ಲಿ ಏರುಪೇರಾದರೆ ಸಿಸೇರಿಯನ್ ಬೇಕಾಗಬಹುದು.

ಮನೆಯಲ್ಲಿ ಗಮನಿಸಬೇಕಾದದ್ದು ಮಗುವಿನ ಒದೆತ. ‘ದಿನ ತುಂಬಿದ ಮೇಲೆ ಮಗು ಸುಮ್ಮನಾಗುತ್ತದೆ’ ಎಂಬ ಮಾತು ತಪ್ಪು. ಒದೆತ ಎಂದಿಗಿಂತ ಕಡಿಮೆಯಾದರೆ, ರಕ್ತ ಅಥವಾ ಹಸಿರು ಬಣ್ಣದ ನೀರು ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.